ವಜ್ರಳ್ಳಿಯ ಚಾಪೆಯ ಮೇಲೆ ಅಬ್ಬಾನ ಬಲಗಾಲು

ವಜ್ರಳ್ಳಿಗೆ ಹೋಗಿ ಬಂದವರೆಲ್ಲ ಒಂದೇ ಕತೆ ಹೇಳುತ್ತಾರೆ. ನಾಲ್ಕು ಜನರಿಂದ ಎತ್ತಿಸಿಕೊಂಡು ಒಳಗೆ ಹೋದವರು ಎರಡು ದಿನ ಎಣ್ಣೆ ತಿಕ್ಕಿಸಿಕೊಂಡು ತಾವೇ ನಡೆದು ಹೊರಗೆ ಬಂದರು ಎಂದು. ಶಿರಸಿಯ ಚಹಾ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ನಮ್ಮ ಮೊಹಲ್ಲಾದ ಮದುವೆ ಮನೆಗಳಲ್ಲಿ ಈ ಕತೆಯನ್ನು ನಾನು ಕಡಿಮೆಯೆಂದರೂ ಎಂಟು ಜನರ ಬಾಯಲ್ಲಿ ಕೇಳಿದ್ದೇನೆ. ಹಾಗೆ ಎತ್ತಿಸಿಕೊಂಡು ಹೋದವರ ಹೆಸರೇನು ಎಂದರೆ ಮಾತ್ರ ಯಾರೂ ಹೇಳುವುದಿಲ್ಲ. ‘ಹುಬ್ಬಳ್ಳಿ ಕಡೆಯವರಂತೆ’ ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಕೇಳಿದರೆ ಶಿರಸಿ ಕಡೆಯವರು ಎನ್ನುತ್ತಾರೋ ಏನೋ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ವಿಷಯದ ವಿರೋಧವಾಗಿಯೇ ಮಾತಾಡಿದವಳು ನಾನು. ಹೆಸರಿಲ್ಲದ ಸಾಕ್ಷಿಯನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಹಾಗಾಗಿ ಈ ಅಕ್ಟೋಬರಿನಲ್ಲಿ ನಾನೇ ಎರಡು ದಿನ ಅಲ್ಲಿ ಕೂತು ಕಂಡದ್ದನ್ನು ಬರೆಯುತ್ತಿದ್ದೇನೆ. ಹೋಗಬೇಕೆಂದಿರುವವರಿಗೆ ಅಲ್ಲಿ ಏನು ನಡೆಯುತ್ತದೆ ಎಂಬುದಾದರೂ ಇದರಿಂದ ತಿಳಿಯಲಿ.

ಅಬ್ಬಾ, ಎಂದರೆ ನನ್ನ ತಂದೆ ಇಬ್ರಾಹಿಂ, ಶಿರಸಿಯಲ್ಲಿ ಶಾಲಾ ವ್ಯಾನ್ ಓಡಿಸುತ್ತಾರೆ. ಮೊದಲು ಹದಿನಾಲ್ಕು ವರ್ಷ ಲಾರಿ, ಆಮೇಲೆ ಹನ್ನೆರಡು ವರ್ಷ ಈ ಹಳದಿ ವ್ಯಾನು. ಬೆಳಿಗ್ಗೆ ಹದಿನೇಳು ಮಕ್ಕಳು, ಸಂಜೆ ಅದೇ ಹದಿನೇಳು. ಮಳೆಗಾಲದ ಶುರುವಿನಲ್ಲಿ ಅವರಿಗೆ ಸೊಂಟದಿಂದ ಬಲಗಾಲಿಗೆ ನೋವು ಇಳಿಯಿತು. ಶಿರಸಿಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ಹುಬ್ಬಳ್ಳಿಗೆ ಹೋಗಿ ಸೊಂಟದ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಎಂದಿದ್ದರು. ಇವತ್ತು, ನಾಳೆ ಎನ್ನುತ್ತಲೇ ಆಗಸ್ಟ್ ಮುಗಿಯಿತು. ಆಗ ಅಬ್ಬಾ ತಾವಾಗಿಯೇ ‘ನೋವು ಹೋಯ್ತು’ ಎಂದರು.

ನೋವು ಹೋದ ಮೇಲೆ ವಜ್ರಳ್ಳಿ ಯಾಕೆ ಎಂದು ಕೇಳಿದೆ. (ಮನೆಯಲ್ಲಿ ನಮ್ಮ ಮಾತು ಉರ್ದು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.)

‘ಕಾಲು ಸ್ವಲ್ಪ ಭಾರ ಅನ್ನಿಸ್ತದೆ. ಎಣ್ಣೆ ಬಿದ್ರೆ ಹಗುರ ಆಗ್ತದೆ.’

‘ಭಾರ ಅಂದ್ರೆ ಎಷ್ಟು ಭಾರ? ಯಾವ ಹೊತ್ತಿಗೆ? ನಡೆಯುವಾಗಲೋ ಕೂತಾಗಲೋ?’

‘ನೋಡು, ಶುರುವಾಯ್ತು ಇವಳ ಕೋರ್ಟು,’ ಎಂದರು ಅಬ್ಬಾ ಅಮ್ಮಿಯ ಕಡೆ ತಿರುಗಿ. ಅಮ್ಮಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ನಮ್ಮ ಮನೆಯಲ್ಲಿ ತಲೆನೋವು ಬಂದರೂ ಎರಡು ಸಾಕ್ಷಿ ಬೇಕು ಎಂಬುದು ಅಮ್ಮಿಯ ಹಳೆಯ ದೂರು.

ನಾನು ಜೊತೆಗೆ ಹೋಗಬೇಕಾಗಿ ಬಂದದ್ದು ಅಲ್ಲಿಯ ಒಂದು ಪದ್ಧತಿಯಿಂದ. ವಜ್ರಳ್ಳಿಯಲ್ಲಿ ಎಣ್ಣೆ ಹಾಕಿ ನೀವುವ ತಿಮ್ಮಣ್ಣ ಒಂಟಿಯಾಗಿ ಬಂದವರ ಮೈ ಮುಟ್ಟುವುದಿಲ್ಲವಂತೆ. ಮನೆಯವರೊಬ್ಬರು ಬರಬೇಕು, ಬಂದವರು ಹೊರಗೆ ಕಾಯುತ್ತ ಕೂರುವಂತಿಲ್ಲ, ಒಳಗೆ ಕಾಲ ಬುಡದಲ್ಲಿ ಕೂರಬೇಕು. ಅಮ್ಮಿಗೆ ಹಬ್ಬದ ಹೊಲಿಗೆ ತುಂಬ ಇತ್ತು. ನಾನು ಹೊರಟೆ. ಅಬ್ಬಾನ ಸೇವೆಗಿಂತ ಈ ತಿಮ್ಮಣ್ಣನನ್ನು ಅವನದೇ ಚಾಪೆಯ ಮೇಲೆ ಹಿಡಿಯುವ ಆಸೆಯೇ ನನಗೆ ಹೆಚ್ಚಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ದಸರಾ ರಜೆಯ ಕೊನೆಯ ಗುರುವಾರ ಬೆಳಿಗ್ಗೆ ಆರೂವರೆಗೆ ಶಿರಸಿ ಬಿಟ್ಟೆವು. ಸೋಮವಾರ ಶಾಲೆ ತೆರೆಯುವುದಿತ್ತು. ಖಾಲಿ ವ್ಯಾನಿನಲ್ಲಿ ನಾವಿಬ್ಬರೇ. ಹಿಂದಿನ ಸೀಟುಗಳಲ್ಲಿ ಮಕ್ಕಳು ಕೀಲಿಯಿಂದ ಕೆತ್ತಿದ ಹೆಸರುಗಳು, ಮರೆತುಹೋದ ಗುಲಾಬಿ ಬಣ್ಣದ ಒಂದು ನೀರಿನ ಬಾಟಲಿ. ರಾತ್ರಿ ಸಣ್ಣ ಮಳೆಯಾಗಿ ನಿಂತಿತ್ತು. ರಸ್ತೆಯಿಂದ ಹಬೆ ಏಳುತ್ತಿತ್ತು. ಅಬ್ಬಾ ಬಲಗಾಲಿನ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಓಡಿಸುತ್ತಿದ್ದರು. ಲಾರಿ ಕಾಲದ ಅಭ್ಯಾಸವಿರಬೇಕು ಎಂದುಕೊಂಡೆ. ಮಂಚಿಕೇರಿಯಲ್ಲಿ ಚಹಾ, ಬನ್ಸ್. ಅಬ್ಬಾ ಚಹಾ ಮಾತ್ರ ಕುಡಿದರು. ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ ಎಂದು ಫೋನಿನಲ್ಲಿ ಹೇಳಿದ್ದರಂತೆ.

ಶಿರಸಿಯಿಂದ ಯಲ್ಲಾಪುರಕ್ಕೆ ಸುಮಾರು ಐವತ್ತು ಕಿಲೋಮೀಟರು. ಊರು ಹತ್ತಿರ ಬಂದಾಗ ರಸ್ತೆಗೆ ಅಡ್ಡ ಒಂದು ಹಂಪು ಬಂತು. ವ್ಯಾನು ನಿಧಾನವಾಗದೆ ಹಾರಿ ಬಿತ್ತು. ಗುಲಾಬಿ ಬಾಟಲಿ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು.

‘ಹಂಪಿಗೆ ಬಿಳಿ ಬಣ್ಣ ಬಳಿದಿಲ್ಲ, ನೋಡು,’ ಎಂದರು ಅಬ್ಬಾ.

ನಾನು ಹಿಂತಿರುಗಿ ನೋಡಿದೆ. ಬಣ್ಣ ಇತ್ತು, ಸ್ವಲ್ಪ ಮಾಸಿತ್ತು. ಮಾಸಿದ ಬಣ್ಣವನ್ನು ಇಲ್ಲ ಎನ್ನಬಹುದೇ ಎಂದು ವಾದ ಹೂಡಬಹುದಿತ್ತು, ಬಾಟಲಿ ಎತ್ತಿ ಸೀಟಿನ ಮೇಲಿಟ್ಟೆ. ಯಲ್ಲಾಪುರದಲ್ಲಿ ಖಾಲಾನ, ಅಂದರೆ ಅಮ್ಮಿಯ ತಂಗಿಯ ಮನೆಗೆ ಬ್ಯಾಗು ಇಳಿಸಿ, ಹೆದ್ದಾರಿಯ ಲಾರಿಗಳ ಹಿಂದೆ ಹೋಗಿ, ಇಡಗುಂದಿಯ ಹತ್ತಿರ ಹೆದ್ದಾರಿ ಬಿಟ್ಟು ವಜ್ರಳ್ಳಿಯ ದಾರಿ ಹಿಡಿದೆವು. ತಿಮ್ಮಣ್ಣನ ಅಂಗಳ ಮುಟ್ಟಿದಾಗ ಒಂಬತ್ತು ದಾಟಿತ್ತು.

ಬೋರ್ಡು ಇರಲಿಲ್ಲ. ದೇವರ ಪಟಗಳ ಸಾಲು, ಊದುಬತ್ತಿ, ದೊಡ್ಡವರ ಜೊತೆ ನಿಂತ ಫೋಟೊ ಇರುತ್ತವೆ ಎಂದು ನಾನು ಲೆಕ್ಕ ಹಾಕಿದ್ದೆ. ಅಲ್ಲಿದ್ದದ್ದು ಒಂದು ಉದ್ದ ಜಗುಲಿ, ಅದರ ತುದಿಗೆ ಚಾಪೆ, ಚಾಪೆಯ ಮೇಲೆ ಒಗೆದ ಬಿಳಿ ಪಂಚೆ. ಬೆಂಚಿನ ಮೇಲೆ ಸಾಬೂನು ಮತ್ತು ತಂಬಿಗೆ. ತಿಮ್ಮಣ್ಣನಿಗೆ ಅರವತ್ತರ ಹತ್ತಿರ. ಸಣಕಲು ಮೈ, ಅಗಲವಾದ ಅಂಗೈ. ಬೆಳಗಿನ ಹೊತ್ತು ಗದ್ದೆ ಕೆಲಸ, ಒಂಬತ್ತರ ನಂತರ ಇದು. ಅವರ ಹೆಂಡತಿ ಗಂಗಕ್ಕ ಹೆಂಗಸರ ಮೈ ನೀವುತ್ತಾರೆ. ಗಂಡಸರು ಬಂದ ದಿನ ಒಲೆಯ ಮೇಲೆ ಎಣ್ಣೆ ಬೆಚ್ಚಗೆ ಮಾಡಿಕೊಡುವುದು ಅವರ ಕೆಲಸ.

ನನ್ನ ಮೊದಲ ಪರೀಕ್ಷೆ ಸಿದ್ಧವಾಗಿತ್ತು. ಯಾವ ಕಾಲು ಎಂದು ಹೇಳಬೇಡಿ ಎಂದು ಅಬ್ಬಾನಿಗೆ ದಾರಿಯಲ್ಲೇ ಹೇಳಿಟ್ಟಿದ್ದೆ. ತಿಮ್ಮಣ್ಣ ಕೇಳಿದರು:

‘ಯಾವ ಕಾಲು ಸಾಹೇಬ್ರೆ?’

‘ನೀವೇ ನೋಡಿ ಹೇಳಿ,’ ಎಂದೆ ನಾನು.

ಅವರು ನನ್ನನ್ನೊಮ್ಮೆ, ಅಬ್ಬಾನನ್ನೊಮ್ಮೆ ನೋಡಿದರು. ‘ನಂಗೆ ಹೆಂಗೆ ಗೊತ್ತಾಗೂದು ತಂಗಿ? ಕಾಲಿಗೆ ಬೋರ್ಡು ಹಾಕಿರ್ತಾರನ?’

ಒಳಗಿನಿಂದ ಗಂಗಕ್ಕ ನಕ್ಕದ್ದು ಕೇಳಿಸಿತು. ಅಬ್ಬಾ ನಾಚಿಕೊಂಡು ‘ಬಲಗಾಲು’ ಎಂದರು. ‘ಬೇಜಾರು ಮಾಡ್ಕೋಬೇಡಿ. ನಮ್ಮ ಹುಡುಗಿ ಡಿಬೇಟ್‌ನಲ್ಲಿ ಕಪ್ ತಗೊಂಡವಳು.’

‘ಒಳ್ಳೇದಾಯ್ತು. ಕಣ್ಣು ಚುರುಕಿರ್ತದೆ. ಕಾಲ ಬುಡದಲ್ಲಿ ಅಂತವ್ರೇ ಕೂರಬೇಕು.’

ಹೋಗುವವರಿಗಾಗಿ ಬರೆಯುತ್ತೇನೆ: ಅಲ್ಲಿ ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ. ಬಿದ್ದದ್ದುಂಟೋ, ಸಕ್ಕರೆ ಕಾಯಿಲೆ ಇದೆಯೋ, ರಕ್ತ ತೆಳುವಾಗಲು ಮಾತ್ರೆ ನುಂಗುತ್ತೀರೋ, ಜ್ವರ ಇದೆಯೋ. ಆಮೇಲೆ ಸಡಿಲವಾದ ಚಡ್ಡಿ, ಮೇಲೆ ಹೊದಿಕೆ. ಯಾವ ಭಾಗ ನೀವಬೇಕೋ ಅಷ್ಟೇ ತೆರೆಯುತ್ತಾರೆ. ಎಣ್ಣೆಯನ್ನು ಮೊದಲು ತಮ್ಮ ಮುಂಗೈಗೆ ಹಾಕಿ ಬಿಸಿ ನೋಡುತ್ತಾರೆ. ನಂತರ ಎರಡೂ ಅಂಗೈಯನ್ನು ಮೀನಖಂಡದ ಮೇಲೆ ಇಟ್ಟು, ಒತ್ತದೆ, ಉಸಿರು ಐದಾರು ಸಲ ಬಂದು ಹೋಗುವಷ್ಟು ಹೊತ್ತು ಸುಮ್ಮನಿರುತ್ತಾರೆ. ‘ನೋವಾದ್ರೆ ತಡ್ಕಳೂದು ಬೇಡ. ಇಲ್ಲಿ ತಡ್ಕಂಡವ್ರಿಗೆ ಬಹುಮಾನ ಇಲ್ಲ,’ ಎನ್ನುತ್ತಾರೆ. ಲಟಲಟ ಮುರಿಯುವುದು, ಹತ್ತಿ ತುಳಿಯುವುದು ಏನೂ ಇಲ್ಲ. ಹೊಟ್ಟೆ ಖಾಲಿ ಯಾಕಿರಬೇಕು ಎಂದು ಕೇಳಿದೆ. ಏನೋ ಒಂದು ಗೂಢ ಕಾರಣ ಬರುತ್ತದೆ, ಹಿಡಿದುಕೊಳ್ಳೋಣ ಎಂದು ಕಾದೆ.

‘ಉಂಡವ್ರನ್ನ ಬೋರಲು ಮಲಗಿಸಿದ್ರೆ ವಾಂತಿ ಆಗ್ತದೆ. ಚಾಪೆ ತೊಳೆಯೂದು ಯಾರು?’ ಎಂದರು.

ಮೊದಲ ದಿನ ಅವರು ನೀವಿದ್ದು ತೊಂದರೆಯಿಲ್ಲದ ಎಡಗಾಲನ್ನು. ಸಿಕ್ಕಿಬಿದ್ದರು ಎಂದುಕೊಂಡೆ. ಒಂದು ದಿನದ ಕೆಲಸವನ್ನು ಎರಡು ದಿನಕ್ಕೆ ಎಳೆಯುವುದು ಎಂದರೆ ಇದೇ ತಾನೆ? ಕೇಳಿಯೂಬಿಟ್ಟೆ.

‘ಸರಿ ಇದ್ದ ಕಾಲು ಹೆಂಗದೆ ಅಂತ ಕೈಗೆ ಗೊತ್ತಿಲ್ದೆ, ನಾಳೆ ಆ ಕಾಲಲ್ಲಿ ಎಂತ ಹುಡುಕೂದು ನಾನು? ಒಬ್ಬೊಬ್ರ ಕಾಲು ಒಂದೊಂದು ನಮೂನೆ ಇರ್ತದೆ.’

ಇಷ್ಟು ಹೇಳಿ ನನಗೆ ಕೆಲಸ ಹಚ್ಚಿದರು. ಅವರು ತೊಡೆಯ ಹಿಂಭಾಗದಿಂದ ಕೆಳಗೆ ನೀವುತ್ತ ಬಂದು ಪಾದದ ಕೀಲಿನ ಹತ್ತಿರ ನಿಂತಾಗೆಲ್ಲ, ನಾನು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದಾಗಿ ಬೆರಳು ಒತ್ತಬೇಕು. ಬೋರಲು ಮಲಗಿದ ಅಬ್ಬಾ ಪ್ರತಿ ಬೆರಳಿಗೂ ‘ಹೂಂ’ ಎನ್ನಬೇಕು. ಹೂಂ ಬಂದರೆ ಮುಂದೆ, ಬಾರದಿದ್ದರೆ ಅಲ್ಲೇ ನಿಲ್ಲಿಸುವುದು. ‘ನನ್ನ ಕಣ್ಣು ನನ್ನ ಕೈಯ ಮೇಲಿರ್ತದೆ, ಬೆರಳನ್ನ ಮನೆಯವರೇ ನೋಡ್ಕಬೇಕು,’ ಎಂದರು ತಿಮ್ಮಣ್ಣ.

ನಾನು ಅಬ್ಬಾನ ಪಾದ ಹಿಡಿದದ್ದು ಅದೇ ಮೊದಲು. ಅಂಗಾಲು ದಪ್ಪಗೆ, ಒರಟಾಗಿ, ಅಂಚಿನಲ್ಲಿ ಒಡೆದಿತ್ತು. ಒತ್ತಿದೆ, ಹೂಂ. ಒತ್ತಿದೆ, ಹೂಂ. ಐದು ಬೆರಳು, ಐದು ಹೂಂ, ಗಡಿಯಾರದ ಹಾಗೆ. ಹೀಗೆ ಹತ್ತು ಹನ್ನೆರಡು ಸುತ್ತು. ಕೊನೆಗೆ ಅಬ್ಬಾ ಸಣ್ಣಗೆ ಗೊರಕೆ ಹೊಡೆಯತೊಡಗಿದರು. ಎದ್ದ ಮೇಲೆ ಕಾಲು ಗಂಟೆ ಕೂರಿಸಿ, ಬಿಸಿ ನೀರು ಕುಡಿಸಿ ಕಳಿಸಿದರು. ಎರಡು ದಿನಕ್ಕೆ ಆರುನೂರು ರೂಪಾಯಿ, ಮುಗಿದ ಮೇಲೆ ಕೊಟ್ಟರೆ ಸಾಕು ಎಂದರು.

ಖಾಲಾ ಅಂದು ಮಧ್ಯಾಹ್ನ ಬಂಗಡೆ ಸಾರು ಮಾಡಿದ್ದಳು. ಅಬ್ಬಾ ಎರಡು ಸಲ ಅನ್ನ ಹಾಕಿಸಿಕೊಂಡರು. ‘ಭಾಯಿಜಾನ್ ಮುಖ ಎಷ್ಟು ಗೆಲುವಾಗಿದೆ ನೋಡು,’ ಎಂದಳು ಖಾಲಾ. ‘ನಿನ್ನ ಪುರಾವೆ ಇಲ್ಲಿದೆ.’

‘ಒಂದು ಗಂಟೆ ಬೆಚ್ಚಗೆ ಮಲಗಿ ಎದ್ದವರೆಲ್ಲ ಗೆಲುವಾಗಿಯೇ ಇರ್ತಾರೆ,’ ಎಂದೆ. ‘ಕಾಯಿಲೆ ಹೋಗಿದ್ದಕ್ಕೆ ಅದು ಪುರಾವೆ ಅಲ್ಲ.’ ಈ ಮಾತನ್ನು ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಮಧ್ಯಾಹ್ನದ ನಮಾಜಿಗೆ ಯಲ್ಲಾಪುರ ತಲುಪಬೇಕೆಂದು ಬೇಗ ಹೊರಟು ಒಂಬತ್ತಕ್ಕೆ ಸರಿಯಾಗಿ ವಜ್ರಳ್ಳಿಯಲ್ಲಿದ್ದೆವು. ಇವತ್ತು ಬಲಗಾಲು. ತಿಮ್ಮಣ್ಣ ಪಾದ ಎತ್ತಿ ನೋಡಿ ಕೇಳಿದರು: ‘ಇದೆಂತ ಗಾಯ?’ ಕಿರುಬೆರಳಿನ ಅಡಿ ಒಂದು ಉಗುರಿನಷ್ಟು ಉದ್ದ ಸೀಳಿತ್ತು. ಅಂಚು ಕಪ್ಪಾಗಿತ್ತು.

‘ಗಾಯವಾ? ಎಲ್ಲಿ?’ ಎಂದರು ಅಬ್ಬಾ.

ತಿಮ್ಮಣ್ಣ ಆ ಕಾಲಿನ ಮೇಲೆ ಅಂಗೈ ಇಟ್ಟು ಕೂತರು. ನಿನ್ನೆಗಿಂತ ಹೆಚ್ಚು ಹೊತ್ತು. ಮೀನಖಂಡವನ್ನು ಒಮ್ಮೆ ಎಡದ್ದು, ಒಮ್ಮೆ ಬಲದ್ದು ಹಿಡಿದು ನೋಡಿದರು. ನನಗೂ ಕಣ್ಣಿಗೆ ಕಾಣಿಸಿತು, ಬಲದ್ದು ತೆಳ್ಳಗಿತ್ತು. ನಂತರ ತೀರ ಹಗುರವಾಗಿ ನೀವುತ್ತ ಕೆಳಗೆ ಬಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಒತ್ತಿದೆ, ಹೂಂ. ಒತ್ತಿದೆ, ಹೂಂ. ಐದಕ್ಕೆ ಐದು.

ಎರಡನೆಯ ಸುತ್ತಿಗೆ ನನ್ನ ಹಳೆಯ ಬುದ್ಧಿ ಎದ್ದಿತು. ಕಾಲ ಬುಡದಲ್ಲಿ ಮನೆಯವರನ್ನು ಕೂರಿಸುವುದು ಬರೀ ತೋರಿಕೆಯಾಗಿದ್ದರೆ, ನಾನು ಒತ್ತಿದರೂ ಒಂದೇ, ಒತ್ತದಿದ್ದರೂ ಒಂದೇ ಆಗಬೇಕು. ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಹೆಬ್ಬೆರಳು ಒತ್ತಿದೆ. ಹೂಂ. ಎರಡನೆಯದು ಒತ್ತಿದೆ. ಹೂಂ. ಮೂರನೆಯದಕ್ಕೆ ಕೈ ಎತ್ತಿಬಿಟ್ಟೆ.

‘ಹೂಂ,’ ಎಂದರು ಅಬ್ಬಾ.

ನನ್ನ ಎರಡೂ ಕೈ ನನ್ನ ಮಡಿಲಲ್ಲಿದ್ದವು.

‘ಹೂಂ,’ ಎಂದರು ಮತ್ತೆ, ಅದೇ ಲಯದಲ್ಲಿ. ‘ಹೂಂ.’

ಐದು ಮುಗಿಯಿತು. ತಿಮ್ಮಣ್ಣನ ಕೈ ನಿಂತಿತ್ತು. ಅವರು ನನ್ನ ಮಡಿಲನ್ನೇ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಹೆಬ್ಬೆರಳನ್ನು ತೋರಿಸಿ, ಹಿಡಿ ಎಂದು ಸನ್ನೆ ಮಾಡಿದರು. ಹಿಡಿದೆ.

‘ಸಾಹೇಬ್ರೆ, ಈಗ ಯಾವ ಬೆರಳು ಹೇಳಿ. ಹೂಂ ಬೇಡ, ಬೆರಳು ಹೇಳಿ.’

‘ಕಿರುಬೆರಳು,’ ಎಂದರು ಅಬ್ಬಾ.

ಹೆಬ್ಬೆರಳು ನನ್ನ ಮುಷ್ಟಿಯೊಳಗೆ ಬೆಚ್ಚಗಿತ್ತು. ಇನ್ನೂ ಗಟ್ಟಿಯಾಗಿ ಹಿಡಿದೆ, ಉಗುರು ಬೆಳ್ಳಗಾಗುವಷ್ಟು. ‘ಈಗ?’ ಎಂದರು ತಿಮ್ಮಣ್ಣ.

‘ಈಗ... ಬಿಟ್ರಲ್ಲ?’

ತಿಮ್ಮಣ್ಣ ಅವರನ್ನು ಮಗುಚಿ ಮಲಗಿಸಿದರು. ಎರಡೂ ಪಾದದ ಮೇಲೆ ಕೈ ಇಟ್ಟು, ‘ಪಾದ ಮೇಲಕ್ಕೆ ಎತ್ತಿ,’ ಎಂದರು. ಎಡಪಾದ ಕೈಯನ್ನು ತಳ್ಳಿಕೊಂಡು ಎದ್ದಿತು. ಬಲಪಾದ ನಡುಗಿ ಅಲ್ಲೇ ಉಳಿಯಿತು. ಅವರು ಬಟ್ಟೆ ತೆಗೆದುಕೊಂಡು ಹಚ್ಚಿದ ಎಣ್ಣೆಯನ್ನೆಲ್ಲ ಒರೆಸತೊಡಗಿದರು.

‘ಮುಗೀತಾ? ಇಷ್ಟು ಬೇಗ?’

‘ಇದು ನನ್ನ ಕೈಯಿಂದ ಆಗೂ ಕೆಲಸ ಅಲ್ಲ ಸಾಹೇಬ್ರೆ. ಇವತ್ತೇ ಹುಬ್ಬಳ್ಳಿಗೆ ಹೋಗಿ. ನಾಳೆ ಅಂತ ಹೇಳೂದು ಬೇಡ.’

‘ನೋವೇ ಇಲ್ಲವಲ್ರೀ ನಂಗೆ!’

‘ನೋವಿದ್ದಿದ್ರೆ ನಂಗೆ ಸ್ವಲ್ಪ ಕೆಲಸ ಇತ್ತು. ನೋವು ಹೋಗಿದ್ದಲ್ಲ ಇದು. ಕಾಲಿಗೆ ಗೊತ್ತಾಗೂದೇ ಹೋಗ್ಬಿಟ್ಟದೆ.’

‘ಬಂದಿದ್ದೇನೆ, ಸುಮ್ನೆ ಸ್ವಲ್ಪ ತಿಕ್ಕಿಬಿಡಿ. ನಿನ್ನೆ ಎಷ್ಟು ಹಿತ ಆಗಿತ್ತು.’

‘ಅದಕ್ಕೇ ತಿಕ್ಕೂದಿಲ್ಲ,’ ಎಂದರು ತಿಮ್ಮಣ್ಣ. ‘ಇವತ್ತೂ ಹಿತ ಆಗ್ತದೆ. ಆಮೇಲೆ ಸೋಮವಾರ ನೀವು ಮಕ್ಕಳನ್ನ ಹತ್ತಿಸ್ಕಂಡು ಹೊರಡ್ತ್ರಿ.’

ಗಂಗಕ್ಕ ಎಣ್ಣೆಯ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಅಬ್ಬಾ ಎದ್ದು ಕೂತು ಅಂಗಿ ಹಾಕಿಕೊಂಡರು. ಗುಂಡಿ ತಪ್ಪಾಗಿ ಸೇರಿತು. ಬಿಚ್ಚಿ ಮತ್ತೆ ಹಾಕಿಕೊಂಡರು. ‘ಇಪ್ಪತ್ತಾರು ವರ್ಷದಲ್ಲಿ ಒಂದು ಕೋಳಿ ಮೇಲೂ ಗಾಡಿ ಹತ್ತಿಸಿಲ್ಲ ನಾನು,’ ಎಂದರು. ಹತ್ತಿಸಿದ್ದೀರಿ ಎಂದು ಯಾರೂ ಅಂದಿರಲಿಲ್ಲ. ನಂತರ ಚಪ್ಪಲಿ ಹುಡುಕಿ, ವ್ಯಾನಿನ ಕಡೆ ಹೊರಟರು.

‘ಗಾಡಿ ಇಲ್ಲೇ ಇರ್ಲಿ,’ ಎಂದರು ತಿಮ್ಮಣ್ಣ. ಗಟ್ಟಿಯಾಗಿ ಹೇಳಲಿಲ್ಲ. ‘ಬಸ್ಸು ಹತ್ತೂಕಾಲಿಗೆ ಅದೆ.’

ಅಬ್ಬಾ ನನ್ನನ್ನು ನೋಡಿದರು. ಎಲ್ಲ ವಿಷಯಕ್ಕೂ ವಿರೋಧ ಹೇಳುವ ಮಗಳು ಇದಕ್ಕೂ ಏನಾದರೂ ಹೇಳಿಯಾಳು ಎಂದು ಕಾದಂತಿತ್ತು. ನಾನು ಕೈ ಚಾಚಿದೆ. ಅವರು ಕೀಲಿಯನ್ನು ನನ್ನ ಕೈಗೆ ಕೊಡಲಿಲ್ಲ, ಬೆಂಚಿನ ಮೇಲೆ ಸಾಬೂನಿನ ಪಕ್ಕ ಇಟ್ಟರು. ನಾನು ಎತ್ತಿಕೊಂಡೆ. ತಿಮ್ಮಣ್ಣ ಎರಡು ದಿನಕ್ಕೂ ದುಡ್ಡು ತೆಗೆದುಕೊಳ್ಳಲಿಲ್ಲ. ‘ನಿನ್ನೆ ತಿಕ್ಕಿದ್ದೀರಲ್ಲ’ ಎಂದೆ. ‘ನಿನ್ನೆ ತಿಕ್ಕಿದ್ದು ಸರಿ ಇದ್ದ ಕಾಲು’ ಎಂದರು. ಅದು ತರ್ಕವೇ ಅಲ್ಲ ಎಂದು ಗೊತ್ತಿದ್ದೂ ದುಡ್ಡನ್ನು ಬ್ಯಾಗಿಗೆ ಹಾಕಿಕೊಂಡೆ.

ಬಸ್ಸು ತಿರುವು ತೆಗೆದುಕೊಂಡಾಗ ಹಿಂತಿರುಗಿ ನೋಡಿದೆ. ಅಂಗಳದ ಹಲಸಿನ ಮರದ ಕೆಳಗೆ ವ್ಯಾನು ನಿಂತಿತ್ತು. ಗಂಗಕ್ಕ ಅದರ ತೆರೆದಿದ್ದ ಕಿಟಕಿ ಮುಚ್ಚುತ್ತಿದ್ದರು.

ನನಗೆ ಹೆಂಗಸರ ಉಚಿತ ಟಿಕೆಟ್ಟು. ಅಬ್ಬಾ ದುಡ್ಡು ಕೊಟ್ಟು ತೆಗೆದುಕೊಂಡ ಟಿಕೆಟ್ಟನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಅವರು ಬಸ್ಸಿನಲ್ಲಿ ಪ್ರಯಾಣಿಕರಾಗಿ ಕೂತದ್ದನ್ನು ನಾನು ಕಂಡದ್ದೇ ಇಲ್ಲ. ಯಲ್ಲಾಪುರದಲ್ಲಿ ಇಳಿದು ಹುಬ್ಬಳ್ಳಿಯ ಬಸ್ಸು ಹಿಡಿಯುವುದು ಎಂದಾಗಿತ್ತು. ಶುಕ್ರವಾರದ ನಮಾಜು ಹುಬ್ಬಳ್ಳಿಯಲ್ಲಿ ಸಿಕ್ಕರೆ ಸಿಕ್ಕಿತು ಎಂದರು. ಖಾಲಾನಿಗೆ ಫೋನು ಮಾಡಿದೆ. ಅವಳ ಮಗ ಭಾನುವಾರ ಹೋಗಿ ವ್ಯಾನು ತರುತ್ತಾನಂತೆ. ಅಮ್ಮಿಗೆ ಹೇಳಿದೆ. ಹೊಲಿಗೆ ಯಂತ್ರದ ಸದ್ದು ಫೋನಿನಲ್ಲಿ ಕೇಳುತ್ತಿದ್ದದ್ದು ನಿಂತಿತು.

ಮಕ್ಕಳ ಮನೆಯವರಿಗೂ ತಿಳಿಸಬೇಕಿತ್ತು. ಅಬ್ಬಾನ ಫೋನಿನಲ್ಲಿ ಅವರದೊಂದು ವಾಟ್ಸ್ಆ್ಯಪ್ ಗುಂಪಿದೆ. ಸೋಮವಾರದಿಂದ ಬೇರೆ ಡ್ರೈವರ್ ಬರುತ್ತಾರೆ, ನನ್ನ ಕಾಲು ಸರಿಯಿಲ್ಲ ಎಂದು ಬರೆದು ಅವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು.

‘ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದೇನೆ ಅಂತ ಬರಿ ಬೇಟಾ. ಕಾಲಿಂದು ಬೇಡ.’

‘ಯಾಕೆ?’

‘ಕೇಳ್ತಾರೆ.’

‘ಏನು ಕೇಳ್ತಾರೆ?’

ಅವರು ಫೋನನ್ನು ನನ್ನ ಮಡಿಲಲ್ಲಿಟ್ಟು ಕಿಟಕಿಯ ಕಡೆ ತಿರುಗಿದರು. ಇಡಗುಂದಿ ದಾಟಿ ಬಸ್ಸು ಹೆದ್ದಾರಿಗೆ ಬಂದಿತ್ತು. ಮುಂದೆ ಲಾರಿಗಳ ಸಾಲು. ನಮ್ಮ ಡ್ರೈವರು ಒಂದನ್ನು ಹಿಂದೆ ಹಾಕಲು ಹೋಗಿ, ಎದುರು ವಾಹನ ಕಂಡು ವೇಗ ತಗ್ಗಿಸಿದ. ಅದಕ್ಕೂ ಒಂದು ಕ್ಷಣ ಮೊದಲೇ ಅಬ್ಬಾನ ಬಲಗಾಲು ಬಸ್ಸಿನ ನೆಲವನ್ನು ಒತ್ತಿತು. ಮುಂದಿನ ತಿರುವಿನಲ್ಲಿ ಮತ್ತೆ ಒತ್ತಿತು. ತಿರುವು ಬಂದಾಗೆಲ್ಲ ಅವರ ತೊಡೆ ಬಿಗಿಯಾಗುತ್ತಿತ್ತು, ಮೊಣಕಾಲು ಕೆಳಗಿಳಿಯುತ್ತಿತ್ತು. ಚಪ್ಪಲಿ ಕಳಚಿ ಪಕ್ಕಕ್ಕೆ ಹೋಗಿತ್ತು. ಅದು ಅವರಿಗೆ ಗೊತ್ತಾಗಿರಲಿಲ್ಲ. ಬಗ್ಗಿ ಅದನ್ನು ಎಳೆದು ಅವರ ಪಾದಕ್ಕೆ ತೊಡಿಸಿದೆ. ಆಗಲೂ ಅವರು ಕೆಳಗೆ ನೋಡಲಿಲ್ಲ.

ಬಗ್ಗಿದ್ದವಳು ಹಾಗೆಯೇ ಕೇಳಿದೆ.

‘ಅಬ್ಬಾ, ರಜೆ ಶುರುವಾಗುವ ಮೊದಲು, ಮಕ್ಕಳು ವ್ಯಾನಿನಲ್ಲಿದ್ದಾಗಲೂ, ಕಾಲು ಹೀಗೇ ಇತ್ತಾ?’